ಮೂವತ್ತನೆಯ ಸೊನ್ನೆ

ತಪ್ಪಾಯಿತು, ಇದನ್ನು ನೆನೆಯುವ ಧೈರ್ಯವನ್ನೂ ನನ್ನಂಥವಳು ಮಾಡಬಾರದು, ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವಳಿಗೆ ಎಲ್ಲಿಂದ ಶುರು ಮಾಡಬೇಕೆಂಬುದೂ ನೆಟ್ಟಗೆ ತಿಳಿಯುವುದಿಲ್ಲ — ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿದೆ, ದುಂಡಗೆ, ಗಾಜಿನೊಳಗೆ ಒಂದು ಸತ್ತ ನೊಣ, ಬಾಗಿಲ ಹಿಂದೆ ಅಂಜಿನಿ ಇದ್ದಾಳೆ, ಒಂಬತ್ತನೆಯ ಕ್ಲಾಸು, ಹಾಜರಿ ನಂಬರ್ ನಾಲ್ಕು, ಅವಳ ಬಲಗೈ ಬೆರಳುಗಳನ್ನು ನಾನು ಮುರಿದಿದ್ದೇನೆ, ಮುರಿದಿರಬಹುದು, ದೀಪ ಆರಿದ ಮೇಲೆ ಗೊತ್ತಾಗುತ್ತದೆ, ನನ್ನ ಸೆರಗಿನ ತುದಿ ಒದ್ದೆಯಾಗಿ ಮೊಣಕಾಲಿಗೆ ಅಂಟಿದೆ, ತಂಬ್ರಹಳ್ಳಿ ದಾರಿಯ ನಮ್ಮ ಶಾಲೆಯಿಂದ ಈ ಆಸ್ಪತ್ರೆವರೆಗೂ ಆಟೋದಲ್ಲಿ ಅವಳ ಕೈಯನ್ನು ಅದರಲ್ಲೇ ಸುತ್ತಿ ಹಿಡಿದಿದ್ದೆ, ಗುಂಡಿ ಬಂದಾಗಲೆಲ್ಲ ಬಟ್ಟೆಯೊಳಗೆ ಏನೋ ಕಟಕ್ ಎಂದಂತೆ, ಅವಳು ಅಳಲಿಲ್ಲ, ಡ್ರೈವರು ಕನ್ನಡಿಯಲ್ಲಿ ನೋಡಿ ಏನಾತ್ರಿ ಮಿಸ್ ಅಂದ, ನಾನು ಬಾಯಿ ತೆರೆಯುವ ಮೊದಲೇ ಅವಳು, ಬಾಗಲ ಸಂದ್ಯಾಗ ಸಿಕ್ತಣ್ಣ, ನಾನಽ ಇಟ್ಟೆ, ಅಂದಳು, ನಾನು ಬಾಯಿ ಮುಚ್ಚಿಕೊಂಡೆ, ಎಷ್ಟು ಸಲೀಸಾಗಿ ಮುಚ್ಚಿಕೊಂಡೆ. ಈಗ ಪಕ್ಕದ ಬೆಂಚಿನಲ್ಲಿ ಅವಳ ಅವ್ವ ಪಕ್ಕೀರಮ್ಮ ಕೂತಿದ್ದಾಳೆ, ಮೆಕ್ಕೆಜೋಳದ ಹೊಲದಿಂದ ಹಾಗೇ ಎದ್ದು ಬಂದವಳು, ಬಂದವಳೇ ಮಗಳ ಬೆನ್ನಿಗೆ ದಪ್ ಅಂತ ಗುದ್ದಿದ್ದಳು, ಕಣ್ಣ ಎಲ್ಲಿಟ್ಟಿದ್ದೀ ಮೂಳಿ, ಆ ಗುದ್ದು ನನಗೆ ಬೀಳಬೇಕಿತ್ತು, ನನಗೆ ಬಿದ್ದದ್ದು ನಮಸ್ಕಾರ, ನೀವಿದ್ರಿ ಅಂತ ಉಳೀತ್ರಿ ನಮ್ ಹುಡುಗಿ, ಹೊತ್ಕೊಂಡ್ ಬಂದೀರಿ.

ಹೊತ್ತುಕೊಂಡು ಬಂದಿದ್ದೇನೆ, ವ್ಯಾನಿಟಿ ಬ್ಯಾಗಿನಲ್ಲಿ ಅಂಜಿನಿಯ ಎರಡು ಹಾಳೆಗಳನ್ನೂ ಹೊತ್ತುಕೊಂಡು ಬಂದಿದ್ದೇನೆ, ಯಾಕೆ ತಂದೆನೋ, ಬಚ್ಚಿಡಲಿಕ್ಕೆ ಇರಬೇಕು. ಕ್ರಾಂತಿ ಮೇಡಮ್ ಕೊಟ್ಟು ಹೋದ ಹಾಳೆಗಳು, ವಿಶ್ವವಿದ್ಯಾಲಯದಿಂದ ಸಂಶೋಧನೆಗೆ ಬಂದ ಹುಡುಗಿ, ನನಗಿಂತ ಚಿಕ್ಕವಳು, ಎಷ್ಟು ನಿರಾಳವಾಗಿ ಮಾತಾಡುತ್ತಾಳೆ — ಬದುಕು ತನ್ನ ಕೈಯಲ್ಲಿದೆ ಅನ್ನಿಸಿದ ಮಗುವಿಗೆ ಹೊಸದನ್ನು ಹುಟ್ಟಿಸುವ ಶಕ್ತಿ ಹೆಚ್ಚೇ ಅಂತ ನೋಡಬೇಕು ಮಿಸ್, ಒಂದು ಹಾಳೆಯಲ್ಲಿ ಇಪ್ಪತ್ತು ವಾಕ್ಯ, ಹೌದು ಅಲ್ಲ ಅಂತ ಬರೆಯಲಿ, ಇನ್ನೊಂದರಲ್ಲಿ ಮೂವತ್ತು ಸೊನ್ನೆ, ಅವುಗಳಿಂದ ಏನು ಬೇಕಾದರೂ ಮಾಡಲಿ, ಯಾವ ಉತ್ತರವೂ ತಪ್ಪಲ್ಲ, ತಿದ್ದಬೇಡಿ. ತಿದ್ದಬೇಡಿ ಅಂದಿದ್ದಳು. ಆದರೆ ಸಂಜೆಗೆ ಅವಳು ಹಾಳೆ ತೆಗೆದುಕೊಂಡು ಹೋಗುತ್ತಾಳೆ, ಎಲ್ಲೋ ಕೂತು ಯಾರೋ ನೋಡುತ್ತಾರೆ, ಈ ಶಾಲೆಯ ಮಕ್ಕಳು ಹಿಂಗೆ, ಇವರ ಮಿಸ್ ಹೇಗಿದ್ದಾಳೋ, ಅಂತ ಹೆದರಿ ನಾನು ಬೋರ್ಡಿನ ಮೇಲೆ ಉತ್ತರ ಬರೆದುಬಿಟ್ಟೆ, ಒಂದು ಹೌದು, ಎರಡು ಹೌದು, ಇಪ್ಪತ್ತೂ ಹೌದು, ನನ್ನ ಜೀವನ ನನ್ನ ಕೈಯಲ್ಲಿದೆ ಹೌದು, ಮೂವತ್ತೆಂಟು ಮಕ್ಕಳು ನನ್ನ ಅಕ್ಷರ ನೋಡಿ ತಮ್ಮ ಜೀವನ ತಮ್ಮ ಕೈಯಲ್ಲಿದೆ ಅಂತ ಬರೆದರು, ಸೊನ್ನೆಗೂ ಮಾದರಿ ಹಾಕಿಕೊಟ್ಟೆ, ಚೆಂಡು, ಸೂರ್ಯ, ಚಕ್ಕಡಿ ಗಾಲಿ, ಮೂವತ್ತೆಂಟು ಹಾಳೆಯಲ್ಲೂ ಚೆಂಡು, ಸೂರ್ಯ, ಗಾಲಿ. ಮೂವತ್ತೊಂಬತ್ತನೆಯದು ಅಂಜಿನಿಯದು, ಅದರಲ್ಲಿ ಮಾತ್ರ ಇಪ್ಪತ್ತಕ್ಕೂ ಅಲ್ಲ. ಅವಳ ಸೊನ್ನೆಗಳು ಬಾಯಿಗಳಾಗಿದ್ದವು, ಇಪ್ಪತ್ತೊಂಬತ್ತು ತೆರೆದ ಬಾಯಿ, ಒಂದಕ್ಕೆ ಹಲ್ಲಿಲ್ಲ, ಒಂದರಲ್ಲಿ ನಾಲಿಗೆ ಸುರುಳಿ, ಒಂದು ಬಾಯಿಯೊಳಗೆ ಮತ್ತೊಂದು, ಎಲ್ಲವೂ ಒಟ್ಟಿಗೆ ಹೌದು ಮಿಸ್ ಅನ್ನುತ್ತಿವೆ, ಹಾಳೆಯಿಂದ ನನಗೆ ಸದ್ದು ಕೇಳಿಸಿತು, ಮೂವತ್ತನೆಯದು ಖಾಲಿ, ಅದ್ಯಾಕ ಬಿಟ್ಟಿ ಅಂದರೆ, ಅದಿನ್ನೂ ಬಾಕಿ ಐತ್ರಿ ಮಿಸ್, ಅಂದಳು.

ಅಷ್ಟಕ್ಕೇ ಬಿಡಬಹುದಿತ್ತು. ಏಳನೆಯ ವಾಕ್ಯ ಕಣ್ಣಿಗೆ ಬಿತ್ತು, ನನಗೆ ಸಿಗುವ ಶಿಕ್ಷೆ ನನ್ನ ತಪ್ಪಿನಿಂದಲೇ ಸಿಗುತ್ತದೆ, ಅದರ ಮುಂದೆ ಅಲ್ಲ, ಎರಡು ಸಲ ಗೆರೆ ಎಳೆದು ಅಲ್ಲ. ತಿದ್ದು ಅಂದೆ. ನಂದ್ರಿ ಮಿಸ್, ನಾ ಬರದದ್ದು. ತಿದ್ದಲೇ ಅಂದೆ, ಹಂಗಾರ ನಾ ಸುಮ್‌ಸುಮ್ಕ ಹೊಡಿತೀನಾ? ಹೌದ್ರಿ ಮಿಸ್, ಅಂದಳು, ಎಷ್ಟು ಮೆತ್ತಗೆ, ಅದೊಂದೇ ಹೌದು ಅವಳದು, ಹಿಂದಿನ ಬೆಂಚು ನಕ್ಕಿತು, ಮೇಜಿನ ಮೇಲೆ ಮೀಟರ್ ಕೋಲಿತ್ತು — ಕೊಟ್ಟೂರಿನ ಬಟ್ಟೆ ಅಂಗಡಿಯ ಕಬ್ಬಿಣದ ಕೋಲು, ಹಗಲೆಲ್ಲ ಅಲ್ಲಿ ಅಳೆದು ಸಂಜೆ ಕ್ಲಾಸಿಗೆ ಓಡುತ್ತಿದ್ದೆ, ಬಟ್ಟೆ ಒಂದು ಬೆರಳಗಲ ಹೆಚ್ಚು ಕತ್ತರಿಸಿದರೆ ಯಜಮಾನ ಗುರುಸಂಗಪ್ಪ ಅದೇ ಕೋಲಿನ ಅಂಚಿನಿಂದ ಗಿಣ್ಣಿಗೆ ಬಡಿಯುತ್ತಿದ್ದ, ಅಳತಿ ನಿನ್ನ ಕೈಯಾಗಿರ್ಬೇಕವ್ವ ವಾಣಿ, ಕೆಲಸ ಬಿಟ್ಟ ದಿನ ಅದನ್ನೇ ಕೇಳಿ ತಂದೆ, ಈಗ ನನ್ನ ಕೈಯಲ್ಲಿದೆ ಅಂತ — ಕೈ ಹಿಡಿ ಅಂದೆ, ಬೋರಲು ಹಿಡಿ, ಮೊದಲನೆಯದು ಚಪ್ಪಟೆಯಾಗಿ ಬಿತ್ತು, ತಿದ್ದು, ಇಲ್ರಿ, ಎರಡನೆಯದು, ತಿದ್ದು, ಇಲ್ರಿ, ಮೂರನೆಯದಕ್ಕೆ ಕೋಲು ಹೊರಳಿತು, ಅಂಚು, ಹಸಿ ಕಡ್ಡಿ ಮುರಿದ ಸದ್ದು, ನಾನು ನಿಲ್ಲಿಸಲಿಲ್ಲ, ಹೊರಳಿತು ಅಂದೆನಲ್ಲ, ಹೊರಳಿಸಿದ್ದು ಯಾರು, ನಾಲ್ಕನೆಯದೂ ಬಿತ್ತು, ಬೆರಳು ಸಿಡಿದು ರಕ್ತ ಬೋರ್ಡಿನ ಕೊನೆಯ ಹೌದಿನವರೆಗೂ ಹಾರಿತು, ಮೂವತ್ತೆಂಟು ಬಾಯಿ ತೆರೆದೇ ಇದ್ದವು.

ದೀಪ ಆರಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಎರಡು ಮುರಿದಾವ, ಒಂದು ಗಿಣ್ಣು ಪುಡಿ ಆಗೈತಿ, ಹೆಂಗಾತವ್ವ ಅಂದರು, ಅಂಜಿನಿ ಶುರು ಮಾಡಿದಳು, ಸ್ಟಾಫ್ ರೂಮಿನ ಬಾಗಲ್ರಿ, ಅದರ ತಿರುಗಣಿಗಿ ಎಣ್ಣಿ ಇಲ್ಲ, ಗಾಳಿ ಬರೋ ಮುಂಚೆ ಕುಂಯ್ ಅಂತೈತ್ರಿ, ಆವಾಗ ಕೈ ತಗೀಬೇಕು, ನಾ ತಗೀಲಿಲ್ರಿ, ಎಷ್ಟು ಜೋರು ಬರ್ತೈತಿ ನೋಡೂಣು ಅಂತ ಇಟ್ಟಿದ್ದೆ — ನಮ್ಮ ಸ್ಟಾಫ್ ರೂಮಿಗೆ ಬಾಗಿಲೇ ಇಲ್ಲ, ಆದರೂ ಆ ಕುಂಯ್ ನನಗೆ ಕೇಳಿಸಿತು, ಡಾಕ್ಟರು ನಕ್ಕರು, ಸೈನ್ಸ್ ಓದ್ತೀ ಏನು, ನನ್ನ ಗಂಟಲಿನಿಂದ ಬಂತು, ಸುಳ್ಳು ಸರ್, ನಾನೇ ಹೊಡೆದೆ, ಕಬ್ಬಿಣದ ಕೋಲಿನಿಂದ, ನಾಲ್ಕು ಸಲ. ಪಕ್ಕೀರಮ್ಮನ ಕೈ ಮೇಲೆದ್ದಿತು, ನಾನು ಮುಖ ಕೊಟ್ಟು ನಿಂತೆ, ಹೊಡೆಯಲಿ, ದಯವಿಟ್ಟು ಹೊಡೆಯಲಿ, ಆ ಕೈ ನನ್ನ ಕಡೆ ಬರಲಿಲ್ಲ, ತಿರುಗಿ ಪಕ್ಕೀರಮ್ಮನ ಹಣೆಗೇ ಬಡಿಯಿತು, ಮತ್ತೆ ಬಡಿಯಿತು, ಬಳೆ ಒಡೆದು ಹುಬ್ಬಿನಿಂದ ರಕ್ತ ಇಳಿಯಿತು, ಆವಾಗ ಅಂಜಿನಿ ಮೊದಲ ಸಲ ಅತ್ತಳು, ನನ್ನನ್ನೇ ನೋಡುತ್ತಾ, ನಾ ಹೇಳಿದ್ದನ್ನೂ ತಿದ್ದಿದ್ರೇನ್ರಿ ಮಿಸ್. ನಾನು ಬ್ಯಾಗು ತಡಕಿ ಹಾಳೆ ತೆಗೆದೆ, ಪೆನ್ಸಿಲ್ ತೆಗೆದೆ, ಅವಳ ಎಡಗೈ ಹತ್ತಿರ ಇಟ್ಟೆ, ಏನು ಹುಚ್ಚು, ಏನೈತವ್ವ ಈ ಖಾಲಿ ಸೊನ್ನ್ಯಾಗ, ಹೇಳಾರ ಹೇಳು ಅಂದೆ, ಅವಳು ಗೋಡೆಗೆ ಮುಖ ಮಾಡಿದಳು, ಹಾಳೆಯಲ್ಲಿ ಇಪ್ಪತ್ತೊಂಬತ್ತು ಬಾಯಿ, ಕೆಳಗೆ ಮೂಲೆಯಲ್ಲಿ ಆ ಸೊನ್ನೆ, ಖಾಲಿ, ಅವಳ ಬಾಯಿಯೋ ನನ್ನದೋ, ಬಾಯಿಯೇ ಅಲ್ಲವೋ, ಅದರೊಳಗೆ ಏನು ಬರಬೇಕಿತ್ತೋ ನನಗೆ ಗೊತ್ತಿಲ್ಲ, ಆ ಸೊನ್ನೆ, ಗೊತ್ತಿಲ್ಲ.