ಕಾಸಿಂಬಿ ಸುತ್ತಿದ ಸುರುಳಿ

೧೯೦೭ರ ಬೇಸಿಗೆಯಲ್ಲಿ ಬಾಗಲಕೋಟೆ ರೈಲು ನಿಲ್ದಾಣದ ತಾರು ಮಾಸ್ತರ ಜಲಾಲುದ್ದೀನ ಹುನಗುಂದದ ಮೇಲೆ ಹಾಯ್ದು, ಎರಡು ದಿನ ಚಕ್ಕಡಿಯಲ್ಲಿ ಕೂತು ಇಳಕಲ್ಲಿಗೆ ಬಂದ. ಅವನ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಸುಟ್ಟ ಸುರುಳಿ ಇತ್ತು. ಕೇಳುತ್ತ ಕೇಳುತ್ತ ಅವನು ಹೋಗಿ ನಿಂತದ್ದು ಕಾಸಿಂಬಿಯ ಮನೆಯ ಮುಂದೆ. ಕೂದಲಿಗಿಂತ ಸಣ್ಣ ರೇಷ್ಮೆ ಎಳೆಯನ್ನು ಹರಿಯದ ಹಾಗೆ ಸುತ್ತುವವರು ಯಾರು ಎಂದು ಊರಲ್ಲಿ ಯಾರನ್ನು ಕೇಳಿದರೂ ಅದೇ ಹೆಸರು ಹೇಳಿದ್ದರು.

ಕಾಸಿಂಬಿಗೆ ಆಗ ನಲವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮ ಚಮನಸಾಬನ ಮನೆಯಲ್ಲಿದ್ದುಕೊಂಡು ನೇಕಾರರಿಗೆ ರೇಷ್ಮೆ ಸುತ್ತಿಕೊಡುತ್ತಿದ್ದಳು. ಬಂದವನನ್ನು ಕೂಡ್ರಿಸಿ, ನೀರು ಕೊಟ್ಟು, ಸುಟ್ಟ ಸುರುಳಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹಸಿರು ರೇಷ್ಮೆ ಹೊದಿಸಿದ ತಾಮ್ರದ ತಂತಿ. ಇಷ್ಟು ಸಣ್ಣ ತಾಮ್ರವನ್ನು ಅವಳು ಹಿಂದೆ ಕಂಡಿರಲಿಲ್ಲ.

ಇದು ಏತಕ್ಕೆ ಎಂದು ಕೇಳಿದಳು. ತಂತಿಯಿಲ್ಲದೆ ತಾರು ಕಳಿಸುವುದಕ್ಕೆ ಎಂದು ಜಲಾಲುದ್ದೀನ ಹೇಳಿದ. ಬಾಗಿಲಲ್ಲಿ ನಿಂತಿದ್ದ ಚಮನಸಾಬ ಸಣ್ಣಗೆ ನಕ್ಕ. ಕಾಸಿಂಬಿ ನಗಲಿಲ್ಲ, ಹೇಗೆ ಎಂದು ಕೇಳಿದಳು.

ಮುಂಬಯಿಯಲ್ಲಿ ಹಡಗಿನ ಕೆಲಸದಲ್ಲಿದ್ದ ಗೆಳೆಯನೊಬ್ಬ ಕಳಿಸಿದ ಇಂಗ್ಲಿಷ್ ಮಾಸಪತ್ರಿಕೆಯಿಂದ ತಿಳಿದದ್ದನ್ನೆಲ್ಲ ಅವನು ಬಿಡಿಸಿ ಹೇಳಿದ. ನಡುವೆ ಕಬ್ಬಿಣದ ಸರಳುಗಳ ಕಟ್ಟು. ಅದರ ಮೇಲೆ ದಪ್ಪ ತಂತಿಯ ಕೆಲವೇ ಸುತ್ತು. ಅದರ ಮೇಲೆ ಸಣ್ಣ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಬ್ಯಾಟರಿಯ ವಿದ್ಯುತ್ತು ಹರಿಯುತ್ತದೆ, ಅದನ್ನು ಒಂದು ಕಬ್ಬಿಣದ ನಾಲಗೆ ಗುಯ್ಯೆಂದು ಅಲ್ಲಾಡುತ್ತ ಕ್ಷಣಕ್ಕೆ ಹತ್ತಾರು ಸಲ ಕಡಿಯುತ್ತದೆ. ಕಡಿದಾಗಲೊಮ್ಮೆ ಸಣ್ಣ ತಂತಿಯಲ್ಲಿ ಒತ್ತಡ ಉಕ್ಕುತ್ತದೆ. ಸುತ್ತು ಹೆಚ್ಚಿದ್ದಷ್ಟೂ ಒತ್ತಡ ಹೆಚ್ಚು. ಆ ತಂತಿಯ ಎರಡು ತುದಿಗೆ ಎರಡು ಹಿತ್ತಾಳೆ ಗುಂಡುಗಳಿವೆ. ತಡೆಯಲಾರದ ಒತ್ತಡ ಗುಂಡುಗಳ ನಡುವಿನ ಗಾಳಿಯನ್ನು ಸೀಳಿ ಕಿಡಿಯಾಗಿ ಹಾರುತ್ತದೆ.

ಆ ಕಿಡಿಯೇ ಹಾರಿಕೊಂಡು ಇನ್ನೊಂದು ಊರಿಗೆ ಹೋಗುತ್ತದೆಯೇ ಎಂದು ಕಾಸಿಂಬಿ ಕೇಳಿದಳು.

“ಇಲ್ಲ ಆಪಾ. ಕಿಡಿ ಇಲ್ಲೇ ಇರ್ತೈತಿ. ಹೋಗೂದು ಅದರ ತುಳುಕು” ಎಂದ ಜಲಾಲುದ್ದೀನ, ಅವಳನ್ನು ಅಕ್ಕನ ಹಾಗೆ ಕರೆದು.

ಒಂದು ಗುಂಡಿಗೆ ಎತ್ತರದ ಬಿದಿರು ಗಳುವಿಗೆ ಏರಿಸಿದ ತಂತಿ, ಇನ್ನೊಂದಕ್ಕೆ ನೆಲಕ್ಕೆ ಇಳಿಸಿದ ತಂತಿ. ತುಂಬಿದ ಕೊಡವನ್ನು ಧಡಕ್ಕನೆ ಇಟ್ಟರೆ ಒಳಗಿನ ನೀರು ಅತ್ತಿತ್ತ ತುಳುಕುವ ಹಾಗೆ, ಕಿಡಿ ಹಾರಿದಾಗ ಆ ತಂತಿಯಲ್ಲಿ ವಿದ್ಯುತ್ತು ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ ಮೇಲೆ ಕೆಳಗೆ ತುಳುಕುತ್ತದೆ. ಆ ತುಳುಕು ತೆರೆತೆರೆಯಾಗಿ ಸುತ್ತಲೂ ಹರಡುತ್ತದೆ. ಅದಕ್ಕೆ ದಾರಿ ಬೇಡ, ಗೋಡೆಯೂ ಅಡ್ಡಿಯಲ್ಲ.

ಕಾಸಿಂಬಿ ಸುರುಳಿಯ ಒಂದು ತುದಿಯಲ್ಲಿದ್ದ ಕಪ್ಪು ತೂತಿನ ಮೇಲೆ ಬೆರಳಿಟ್ಟಳು.

“ಕಿಡಿ ಹೊರಗ ಹಾರೂ ಬದಲಿ ಇಲ್ಲಿ ಒಳಗ ಹಾರೇತಿ. ಹೌದಲ್ರಿ?”

ಹೌದೆಂದ ಅವನು. ಎಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸುತ್ತಿ, ಅದರ ಮೇಲೆಯೇ ಹಿಂದಕ್ಕೆ ಸುತ್ತಿಕೊಂಡು ಬಂದಿದ್ದ. ಹಾಗಾಗಿ ಮೊದಲ ಸುತ್ತೂ ನೂರಾರು ಸುತ್ತು ಆದಮೇಲಿನ ಸುತ್ತೂ ಒಂದರ ಮೇಲೊಂದು ಕೂತಿದ್ದವು. ಅವುಗಳ ನಡುವಿನ ಒತ್ತಡವನ್ನು ತೆಳು ರೇಷ್ಮೆ ತಡೆದಿರಲಿಲ್ಲ.

“ಹಂಗಾರ ಉದ್ದಕ ಸುತ್ತೂದು ಬ್ಯಾಡ್ರಿ. ಕೈಬಳಿ ಅಗಲ ಸುತ್ತಿ, ಬಳಿಗಿ ಬಳಿ ಒತ್ತಿ ಇಡೂಣು. ನಡುವ ಮೇಣದ ಕಾಗದ ಹಾಕೂಣು. ಒಂದೊಂದು ಬಳಿಯೊಳಗ ಒತ್ತಡ ಸ್ವಲ್ಪ ಸ್ವಲ್ಪನ ಇರ್ತೈತಿ.”

ಮೂರು ತಿಂಗಳು ತಲೆ ಕೆಡಿಸಿಕೊಂಡವನಿಗೆ ಇದು ಹೊಳೆದಿರಲಿಲ್ಲ. ಅವನು ಆಗಲೇ ಸುಟ್ಟ ಸುರುಳಿಯ ತುದಿ ಹಿಡಿದು ತಂತಿ ಬಿಚ್ಚತೊಡಗಿದ.

ಹತ್ತೊಂಬತ್ತು ದಿನ ಅವಳು ಎಳೆ ಸುತ್ತುವ ರಾಟಿಯ ಮುಂದಿನಿಂದ ಏಳಲಿಲ್ಲ ಎನ್ನಬೇಕು. ಮೂರು ಮೈಲಿಗೂ ಮಿಕ್ಕಿದ ತಂತಿ. ಒಮ್ಮೆ ಮಾತ್ರ ಹರಿಯಿತು. ಅದನ್ನು ಬೆಸೆದು, ಬೆಸುಗೆಗೆ ಬೇರೆ ರೇಷ್ಮೆ ಹೊದಿಸಿ ಮುಂದುವರಿಸಿದಳು. ಕಡೆಗೆ ನಲವತ್ತು ಬಳೆಗಳು ಸಾಲಾಗಿ ಕೂತವು. ಚಕ್ಕಡಿಯ ಕುಲುಕಿಗೆ ಏನಾದರೂ ಆದೀತೆಂದು ಬಾಗಲಕೋಟೆಯವರೆಗೂ ಅವಳೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಚಮನಸಾಬನೂ ಜೊತೆಗಿದ್ದ. ಅಲ್ಲಿಂದ ಮೂವರೂ ರೈಲು ಹತ್ತಿ ಬಾದಾಮಿಗೆ ಹೋದರು. ಒಂದು ಹೊಂಡ, ಅದರ ಆಚೆಗೊಂದು ಈಚೆಗೊಂದು ಎತ್ತರದ ಬಂಡೆಗುಡ್ಡ ಇರುವ ಜಾಗ ಬೇಕೆಂದು ಜಲಾಲುದ್ದೀನ ಅದನ್ನು ಆರಿಸಿದ್ದ.

ಅವನು ಕಿಡಿಯ ಸಾಮಾನಿನೊಂದಿಗೆ ಗುಹೆಗಳಿರುವ ದಕ್ಷಿಣ ಗುಡ್ಡ ಏರಿದ. ಅಕ್ಕ ತಮ್ಮ ತೆರೆಯನ್ನು ಹಿಡಿಯುವ ಗಂಟೆಯ ಸಾಮಾನಿನೊಂದಿಗೆ ಉತ್ತರದ ಗುಡ್ಡ ಏರಿದರು. ಗಂಟೆಯ ಪಕ್ಕದಲ್ಲಿ ಬೆರಳುದ್ದದ ಒಂದು ಗಾಜಿನ ನಳಿಕೆ ಇತ್ತು, ಅದರೊಳಗೆ ಚಿಟಿಕೆಯಷ್ಟು ಲೋಹದ ಪುಡಿ. ಸುಮ್ಮನಿದ್ದಾಗ ಪುಡಿ ಸಡಿಲವಾಗಿರುತ್ತದೆ, ಬ್ಯಾಟರಿಯ ವಿದ್ಯುತ್ತನ್ನು ದಾಟಗೊಡುವುದಿಲ್ಲ. ತೆರೆ ಬಂದು ತಾಗಿದರೆ ಕಣಕಣ ಒಂದಕ್ಕೊಂದು ಅಂಟಿ ದಾರಿಯಾಗುತ್ತದೆ, ಗಂಟೆ ಬಡಿಯುತ್ತದೆ. ಒಂದು ಸಣ್ಣ ಸುತ್ತಿಗೆ ನಳಿಕೆಯನ್ನು ತಟ್ಟಿ ಪುಡಿಯನ್ನು ಮತ್ತೆ ಸಡಿಲಿಸುತ್ತದೆ. ಇಷ್ಟನ್ನೂ ಜಲಾಲುದ್ದೀನ ಅವರಿಗೆ ಎರಡೆರಡು ಸಲ ಹೇಳಿಕೊಟ್ಟಿದ್ದ. ಎರಡೂ ಕಡೆಯ ಎತ್ತರದ ತಂತಿ ಬಿದಿರು ಗಳುವಿನ ತುದಿಗಿತ್ತು, ನೆಲದ ತಂತಿ ಕೆಳಗಿನ ಹೊಂಡದ ನೀರಿನಲ್ಲಿತ್ತು.

ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಬಂಡೆ ಕಾದಿತ್ತು. ಆಚೆ ಗುಡ್ಡದ ಮೇಲೆ ಜಲಾಲುದ್ದೀನ ಇರುವೆಯಷ್ಟು ಕಾಣುತ್ತಿದ್ದ. ಅವನು ಕೈ ಎತ್ತಿದ, ಬಗ್ಗಿದ.

ಗಂಟೆ ಬಡಿಯಿತು. ನಿಂತಿತು. ಮತ್ತೆ ಬಡಿಯಿತು, ಮತ್ತೊಮ್ಮೆ. ಮೊದಲೇ ಮಾತಾದಂತೆ ಮೂರು ಸಲ.

ಚಮನಸಾಬ ರುಮಾಲು ಬೀಸಿ ಸನ್ನೆ ಮಾಡಬೇಕಿತ್ತು, ಅವನಿಗೆ ಅದು ನೆನಪೇ ಆಗಲಿಲ್ಲ. ಕಾಸಿಂಬಿಯೇ ಅವನ ತಲೆಯಿಂದ ರುಮಾಲು ಬಿಚ್ಚಿ ಬೀಸಿದಳು. ಸ್ವಲ್ಪ ಹೊತ್ತಿಗೆ ಅವನು, ಇದು ಹೊಂಡದ ನೀರಿನೊಳಗಿಂದ ಬಂದಿರಬೇಕು ಎಂದ. ಕಾಸಿಂಬಿ ನೀರಿನ ತಂತಿಯನ್ನು ಬಿಚ್ಚಿ ಹಾಕಿ ಮತ್ತೆ ಸನ್ನೆ ಮಾಡಿದಳು. ಗಂಟೆ ಆಗಲೂ ಮೂರು ಸಲ ಬಡಿಯಿತು. ಚಮನಸಾಬ ಎದ್ದು ನಳಿಕೆಯ ಸುತ್ತ, ಗಳುವಿನ ಸುತ್ತ ಕೈ ಆಡಿಸಿದ. ಜೇಡರ ಬಲೆಯ ಎಳೆಯಷ್ಟೂ ಏನೂ ಕೈಗೆ ತಾಗಲಿಲ್ಲ. ಅವನು ಬಂಡೆಯ ಮೇಲೆ ಕೂತುಬಿಟ್ಟ.

ಇಳಿಹೊತ್ತಿಗೆ ಜಲಾಲುದ್ದೀನ ತನ್ನ ಬ್ಯಾಟರಿಯ ತಂತಿ ಬಿಚ್ಚಿಟ್ಟು, ಗುಡ್ಡ ಇಳಿದು, ಹೊಂಡದ ದಂಡೆ ಸುತ್ತಿ ಇವರ ಕಡೆ ಏರಿ ಬಂದ. ಬೆವರಿದ ಮುಖದ ತುಂಬ ನಗೆಯಿತ್ತು. ಮೂವರೂ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾಗ ಗಂಟೆ ಬಡಿಯಿತು.

ಯಾರ ಕೈಯೂ ಅಲುಗಲಿಲ್ಲ. ಗಂಟೆ ಮತ್ತೆ ಬಡಿಯಿತು, ಈ ಸಲ ಉದ್ದಕ್ಕೆ.

“ನೀವು ಇಲ್ಲೇ ಅದೀರಿ. ಅಲ್ಲಿ ಯಾರು ಒತ್ತಾಕತ್ಯಾರ್ರಿ?” ಚಮನಸಾಬ ಆಚೆ ಗುಡ್ಡದ ಕಡೆ ಬೆರಳು ಮಾಡಿದ.

ಯಾರೂ ಇಲ್ಲ ಎಂದ ಜಲಾಲುದ್ದೀನ. ಆಚೆ ಗುಡ್ಡದ ಮೇಲೆ ಗಳುವೊಂದೇ ನಿಂತಿತ್ತು. ಕಾಸಿಂಬಿ ಮಾತ್ರ ಎದ್ದು ನಾಲ್ಕೂ ದಿಕ್ಕು ನೋಡಿದಳು. ಮೂಡಣ ದಿಕ್ಕಿನಲ್ಲಿ, ಐಹೊಳೆಯಾಚೆ, ಕೂಡಲಸಂಗಮದ ಕಡೆ ಮೋಡ ಕವಿದಿತ್ತು. ಅದರ ಹೊಟ್ಟೆಯಲ್ಲಿ ಒಂದು ಮಿಂಚು ಹೊಳೆಯಿತು. ಅದೇ ಕ್ಷಣಕ್ಕೆ ಬೆನ್ನ ಹಿಂದೆ ಗಂಟೆ ಬಡಿಯಿತು. ಗುಡುಗು ಕೇಳಲಿಲ್ಲ, ಅಷ್ಟು ದೂರ.

“ಅದೂ ಕಿಡೀನ ಅಲ್ರಿ ಮಾಸ್ತರ್ರ?”

“ಹೌದು ಆಪಾ” ಎಂದ ಜಲಾಲುದ್ದೀನ ಮೆಲ್ಲಗೆ. “ನಮ್ಮದು ಗುಂಡಿಂದ ಗುಂಡಿಗಿ. ಅದು ಮುಗಿಲಿಂದ ನೆಲಕ್ಕ.”

“ಇದು ಯಾವಾಗಿಂದ ಹಿಂಗ ಬರಾಕತ್ತೈತ್ರಿ?”

“ಮನುಷ್ಯಾರು ಹುಟ್ಟೂಕಿಂತ ಮೊದಲಿಂದ. ಕೇಳಾಕ ನಮ್ಮ ಕಡೆ ಏನೂ ಇರಲಿಲ್ಲ.”

ಮೋಡ ಹತ್ತಿರವಾದರೆ ಗಳು ನಿಲ್ಲಿಸಿಟ್ಟುಕೊಳ್ಳುವುದು ಅಪಾಯವೆಂದು ಅವನು ತಂತಿ ಬಿಚ್ಚಲು ಹೊರಟ. ಇನ್ನೊಂದು ಸ್ವಲ್ಪ ಇರಲಿ ಎಂದು ಕಾಸಿಂಬಿ ಬೇಡಿಕೊಂಡಳು. ರೊಟ್ಟಿ ಕೈಯಲ್ಲೇ ಉಳಿಯಿತು. ಮೂವರೂ ಸಾಲಾಗಿ ಮೂಡಣಕ್ಕೆ ಮುಖ ಮಾಡಿ ಕೂತರು. ಅಲ್ಲಿ ಬೆಳಕು, ಇಲ್ಲಿ ಗಂಟೆ. ಒಮ್ಮೊಮ್ಮೆ ಬೆಳಕು ಕಾಣದೆಯೂ ಗಂಟೆ ಬಡಿಯುತ್ತಿತ್ತು. ಆಗ ಕಾಸಿಂಬಿ, ಕಣ್ಣಿಗೆ ಮೀರಿದ ಎಲ್ಲೋ ಒಂದು ಊರಿನ ಮೇಲೆ ಮಿಂಚುತ್ತಿದೆ ಎಂದುಕೊಂಡು ತುಟಿಯಲ್ಲೇ ದುವಾ ಹೇಳುತ್ತಿದ್ದಳು. ತಣ್ಣನೆಯ ಗಾಳಿ ಬೀಸಿದ ಮೇಲೆಯೇ ಗಳು ಇಳಿಸಿದರು.

ಆ ವರ್ಷದ ಮಳೆಗಾಲದಿಂದ ಜಲಾಲುದ್ದೀನ ಗಂಟೆಯನ್ನು ನಳಿಕೆಯ ಸಮೇತ ತನ್ನ ಮನೆಯ ಪಡಸಾಲೆಯಲ್ಲಿಟ್ಟುಕೊಂಡ. ಅದು ಮೇಲಿಂದ ಮೇಲೆ ಬಡಿಯತೊಡಗಿದರೆ ಶಿರೂರಿನ ದಾರಿಯಲ್ಲಿ ಹೋಗುವ ಕುರಿಗಾರರಿಗೆ, ಇವತ್ತು ಬಯಲಲ್ಲಿ ನಿಲ್ಲಬೇಡಿರೆಂದು ಹೇಳಿ ಕಳಿಸುತ್ತಿದ್ದ. ಮೊದಮೊದಲು ಅವರು ನಗುತ್ತಿದ್ದರು. ಎರಡನೆಯ ಮಳೆಗಾಲದಲ್ಲಿ ತಾವೇ ಬಂದು, ಇವತ್ತು ಗಂಟೆ ಏನು ಹೇಳಿತು ಎಂದು ಕೇಳತೊಡಗಿದರು.