ಸತ್ತ ಮರದ ಸದ್ದು

“ನೆರಳಲ್ಲಿ ಬಿದ್ಕೊಂಡು ಮರ ಟೊಳ್ಳು ಅಂತ ಕಥೆ ಕಟ್ತೀಯಲ್ಲೋ! ಮರ ಅಲ್ಲ, ನಿನ್ನ ತಲೆ ಟೊಳ್ಳು. ಶಾಲೆ ಬಿಟ್ಟವನ ಕೈಗೆ ಸುತ್ತಿಗೆ ಕೊಟ್ಟಿದ್ದೇ ನನ್ನ ತಪ್ಪು.”

ಜೀಪಿನ ಸುತ್ತ ಚಹಾ ಕುಡಿಯುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು. ಬೈಯುತ್ತಿದ್ದ ಸೂಪರ್‌ವೈಸರ್‌ಗೆ ಇನ್ನೂ ಹುರುಪು ಬಂತು. ಭಾವ ಮಾತ್ರ ನಗಲಿಲ್ಲ. ನನ್ನ ಪರವಾಗಿ ತುಟಿಯನ್ನೂ ಬಿಚ್ಚಲಿಲ್ಲ.

ಸತ್ತರೂ ಬೀಳದೆ ನಿಂತ ಮರಗಳಲ್ಲಿ ಎಷ್ಟು ಇಂಗಾಲ ಉಳಿದಿದೆ ಎಂದು ಅಂದಾಜು ಮಾಡುವುದು ನಮ್ಮ ಕೆಲಸ. ಸುತ್ತಳತೆ, ಎತ್ತರ ಕಣ್ಣಿಗೆ ಕಾಣುತ್ತವೆ. ಒಳಗಿನ ಟೊಳ್ಳು ಸಿಗುವುದು ಕಿವಿಗೆ ಮಾತ್ರ. ಸುತ್ತಿಗೆಯಲ್ಲಿ ಹೊಡೆದರೆ ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ಕೊಳೆತರೆ ತೂಕ ಕಡಿಮೆ, ಇಂಗಾಲವೂ ಕಡಿಮೆ. ನಾನು ನೋಡಿದ ಮರಗಳನ್ನು ಭಾವ ಮತ್ತೆ ಹೊಡೆದು ನೋಡಬೇಕು. ನಾನು ಟೊಳ್ಳು ಎಂದದ್ದನ್ನೆಲ್ಲ ಅವರು ಗಟ್ಟಿ ಎಂದಿದ್ದರು.

ಇಂಗಾಲ ಜಾಸ್ತಿ ತೋರಿಸಿದರೆ ಸೂಪರ್‌ವೈಸರ್‌ಗೆ ಮೇಲಿನವರ ಹತ್ತಿರ ಹೆಸರು. ಅವನೂ ಭಾವನೂ ಒಳಗೊಳಗೇ ಒಂದಾಗಿದ್ದಾರೆ ಎಂಬ ಗುಮಾನಿ ನನಗೆ ಹತ್ತಿತ್ತು. ಮನೆಯಲ್ಲೂ ಭಾವ ಈಚೆಗೆ ಮಾತಿಗೆ ಸಿಗುತ್ತಿರಲಿಲ್ಲ. ಏನು ಕೇಳಿದರೂ ಹೂಂ ಎಂದು ತಟ್ಟೆಗೆ ಮುಖ ಹಾಕುತ್ತಿದ್ದರು. ಅಕ್ಕನ ಗಂಡ ಅಂತ ಸುಮ್ಮನಿದ್ದೆ.

ಇನ್ನು ಆಗಲಿಲ್ಲ. ಅವರ ತೋಳು ಹಿಡಿದು ಜಗಳದ ಮರದ ಬಳಿಗೆ ಎಳೆದುಕೊಂಡು ಹೋದೆ. ಚಹಾ ಮುಗಿಸಿ ಬರುತ್ತೇನೆಂದ ಸೂಪರ್‌ವೈಸರ್.

ಭಾವ ಹೊಡೆದರು. ಬೊದ್.

“ಗಟ್ಟಿ,” ಎಂದರು.

ಮೈ ಉರಿದುಹೋಯಿತು. ಬೆನ್ನ ಹಿಂದೆ ನಿಂತು, “ಎಷ್ಟಕ್ಕೆ ಮಾರ್ಕೊಂಡ್ರಿ ಭಾವ ನಿಮ್ಮನ್ನ?” ಎಂದೆ. ತಿರುಗಲಿಲ್ಲ. “ಥೂ, ನಾಚಿಕೆ ಆಗಲ್ವಾ?” ಅದಕ್ಕೂ ಇಲ್ಲ. ಒಂದು ಅಂಗೈಯನ್ನು ಕಾಂಡಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮತ್ತೆ ಹೊಡೆದು, ಮರದ ಅದುರುವಿಕೆಯನ್ನು ಹುಡುಕುತ್ತಿದ್ದರು.

ಭುಜ ಮುಟ್ಟಿದೆ. ಬೆಚ್ಚಿಬಿದ್ದು ತಿರುಗಿದವರು ನನ್ನ ತುಟಿಗಳನ್ನೇ ನೋಡಿದರು.

“ಯಾವಾಗಿಂದ ಕೇಳಿಸ್ತಿಲ್ಲ?”

“ಚಳಿಗಾಲದಿಂದ. ನಿಮ್ಮಕ್ಕನಿಗೂ ಹೇಳಿಲ್ಲ ಕಣೋ. ಗಟ್ಟಿ ಅಂದ್ರೆ ಯಾರೂ ತಿರುಗಿ ಕೇಳಲ್ಲ ಅಂತ ಹಾಗೇ ಹೇಳ್ತಾ ಬಂದೆ. ಈ ಕೆಲಸ ಬಿಟ್ರೆ ನನಗೆ ಇನ್ನೇನು ಬರುತ್ತೆ?”

ಅಷ್ಟರಲ್ಲಿ ಸೂಪರ್‌ವೈಸರ್ ಎಲ್ಲರನ್ನೂ ಕರೆದುಕೊಂಡು ಬಂದೇಬಿಟ್ಟ. “ಹೂಂ, ಹೇಳಪ್ಪಾ ಪಂಡಿತ, ಯಾರದು ಸುಳ್ಳು? ನಿಂದಾದ್ರೆ ಇವತ್ತೇ ಗಂಟುಮೂಟೆ ಕಟ್ಟು.”

ಮಾತು ನಾಲಿಗೆ ತುದಿಗೆ ಬಂದಿತ್ತು. ಭಾವ ನನ್ನ ತುಟಿಯ ಮೇಲಿಟ್ಟ ಕಣ್ಣು ಕೀಳಲೇ ಇಲ್ಲ.

ನನ್ನ ಸುತ್ತಿಗೆಯನ್ನು ಮರದ ಬುಡಕ್ಕೆ ಬಿಸಾಕಿ, ಹಲ್ಲು ಕಚ್ಚಿಕೊಂಡು ರಸ್ತೆಯ ಕಡೆ ನಡೆದೆ.