ಟೊಯ್ವೊನ ಹೆಸರಿನ ಊಟ

ಆರ್ವೊ ನಿಯೆಮಿಗೆ ಆ ತೆರಿಗೆಯ ವಿಷಯವನ್ನು ಎಷ್ಟು ಸಲ ಬಿಡಿಸಿ ಹೇಳಿದೆನೋ ದೇವರಿಗೇ ಗೊತ್ತು. ಗೋಡೆಗೆ ಹೇಳಿದ್ದರೆ ಅದಾದರೂ ತಲೆಯಾಡಿಸುತ್ತಿತ್ತು.

"ಸರೋವರದ ದಂಡೇಲಿರೋ ಬೇಸಿಗೆ ಬಂಗಲೆಗಳ ಮೇಲೆ ಮಾತ್ರ ಕಣೋ. ಶಿಕಾಗೋದಿಂದ ಬರ್ತಾರಲ್ಲ, ಅವರು ಕಟ್ಟೋದು. ನಿನ್ನ ಮನೆಗೆ ಒಂದು ಸೆಂಟೂ ಬೀಳಲ್ಲ."

ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಡಲಿಲ್ಲ. "ಇವತ್ತು ಅವರಿಗೆ, ನಾಳೆ ನನಗೆ. ಸರ್ಕಾರ ಒಂದ್ಸಲ ಜೇಬಿಗೆ ಹಾಕಿದ ಕೈ ವಾಪಸ್ ತೆಗೆದದ್ದನ್ನ ಎಲ್ಲಾದ್ರೂ ನೋಡಿದ್ದೀಯಾ ಲೆಂಪಿ?"

"ಆ ದುಡ್ಡು ಬರದಿದ್ರೆ ನಮ್ಮೂರ ಆಸ್ಪತ್ರೇಲಿ ಡಯಾಲಿಸಿಸ್ ಮುಚ್ತಾರೆ. ಟೊಯ್ವೊ ಏನ್ಮಾಡ್ಬೇಕು?"

"ಟೊಯ್ವೊಗೆ ನಾವಿಲ್ವಾ?" ಎಂದು ಎದೆ ತಟ್ಟಿಕೊಂಡ.

ಟೊಯ್ವೊ ನನ್ನ ಗಂಡ. ಇವರಿಬ್ಬರೂ ಮೀಸೆ ಬರುವ ಮೊದಲೇ ಒಟ್ಟಿಗೆ ಜಿಂಕೆ ಬೇಟೆಗೆ ಹೋದವರು. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ಟೊಯ್ವೊನಿಗೆ ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕು. ಊರಿನದು ಮುಚ್ಚಿದರೆ ಇನ್ನೊಂದು ಇರುವುದು ಎರಡೂವರೆ ಗಂಟೆ ದೂರದಲ್ಲಿ, ಅದೂ ಹಿಮ ಬೀಳದ ದಿನ. ನಮ್ಮ ಮಿಷಿಗನ್ ಚಳಿಗಾಲದಲ್ಲಿ ಅಂಥ ದಿನವನ್ನು ಹುಡುಕಬೇಕು. ಅದಕ್ಕೇ ನಾನು, ಆ ತೆರಿಗೆ ತರುತ್ತೇನೆಂದು ಚುನಾವಣೆಗೆ ನಿಂತಿದ್ದ ನಮ್ಮ ಅಭ್ಯರ್ಥಿಯ ಕರಪತ್ರ ಹಿಡಿದು ಮನೆಮನೆ ಅಲೆದದ್ದು.

ಪಕ್ಕದ ಬೀದಿಯ ಐಲಿ ಕಾಫಿ ಕೊಟ್ಟಳು, ಕಣ್ಣೀರೂ ಹಾಕಿದಳು. ಆಮೇಲೆ ಕೇಳಿದಳು: "ಅಲ್ಲ ಲೆಂಪಿ, ನನಗೆ ಲಾಟರಿ ಹೊಡೆದು ಸರೋವರದ ದಂಡೇಲಿ ಬಂಗಲೆ ಕಟ್ಟಿಸಿದ್ರೆ?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ಆ ಕುಲಾವಿಗೆ ತೆರಿಗೆ ಬಿದ್ದೀತೆಂದು ಅಳುವವಳನ್ನು ಕಂಡದ್ದು ಅದೇ ಮೊದಲು.

ಸೋತೆವು. ತಿಂಗಳೊಳಗೆ ಡಯಾಲಿಸಿಸ್ ಮುಚ್ಚಿತು.

ಮರುವಾರವೇ ಆರ್ವೊ, ಟೊಯ್ವೊನಿಗೆ ದುಡ್ಡು ಕೂಡಿಸಲೆಂದು, ಚರ್ಚಿನ ನೆಲಮಾಳಿಗೆಯಲ್ಲಿ ಊಟ ಏರ್ಪಡಿಸಿದ. ನಮ್ಮೂರಲ್ಲಿ ಯಾರಿಗೆ ಕಾಯಿಲೆಯಾದರೂ ಹೀಗೇ: ಪಾಸ್ಟಿ ಬೇಯಿಸುವುದು, ಬಾಗಿಲಲ್ಲಿ ಬಕೆಟ್ ಇಡುವುದು. ಮಾಂಸ, ಆಲೂಗಡ್ಡೆ ತುಂಬಿದ, ದೊಡ್ಡ ಕಡುಬಿನಂಥ ಪಾಸ್ಟಿಗಳನ್ನು ಆರ್ವೊ ಬೆಳಗಿನಿಂದ ತಾನೇ ಬೇಯಿಸಿದ್ದ. ಐಲಿ ತಾನು ಹೊಲಿದ ಕೌದಿಯನ್ನು ಹರಾಜಿಗಿಟ್ಟಳು. ನನ್ನ ಮುಖಕ್ಕೆ ಬಾಗಿಲು ಹಾಕಿದವರೆಲ್ಲ ಸಾಲಾಗಿ ಬಂದು ಬಕೆಟ್ಟಿಗೆ ನೋಟು ಹಾಕಿ ನನ್ನನ್ನು ತಬ್ಬಿಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

"ನೋಡಿದ್ಯಾ?" ಎಂದ ಆರ್ವೊ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಯಾವ ತೆರಿಗೆನೂ ಬೇಕಾಗ್ಲಿಲ್ಲ!"

"ಈ ದುಡ್ಡು ಪೆಟ್ರೋಲಿಗೆ ಕ್ರಿಸ್‌ಮಸ್‌ವರೆಗೆ ಬರತ್ತೆ ಆರ್ವೊ. ಆಮೇಲೆ?"

"ಆಮೇಲೆ ಇನ್ನೊಂದು ಊಟ ಹಾಕ್ಸೋಣ, ಅದಕ್ಕೇನಂತೆ!"

ಅವನು ಬಿಸಿಬಿಸಿ ಪಾಸ್ಟಿಯೊಂದನ್ನು ತಂದು ಟೊಯ್ವೊನ ಮುಂದಿಟ್ಟ. "ನಿನ್ನ ಹೆಸರಿನ ಊಟ. ನೀನೇ ತಿನ್ನದಿದ್ರೆ ಹೆಂಗೋ?"

ಕೆಟ್ಟ ಕಿಡ್ನಿಯವರಿಗೆ ಆಲೂಗಡ್ಡೆ, ಉಪ್ಪು ಎರಡೂ ವಿಷ. ಮನೆಯಲ್ಲಿ ನಾನು ಎರಡನ್ನೂ ಮುಟ್ಟಗೊಟ್ಟಿರಲಿಲ್ಲ. ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ಟೊಯ್ವೊ ನನ್ನ ಕೈ ಅದುಮಿದ. ಊರಿಗೆ ಊರೇ ಅವನನ್ನು ನೋಡುತ್ತಿತ್ತು, ಪ್ರೀತಿಯಿಂದ.

"ಚೆನ್ನಾಗಿದೆ ಕಣೋ," ಎಂದು ಟೊಯ್ವೊ ಒಂದು ಚೂರೂ ಬಿಡದೆ ತಿಂದ.